ಆ ಹೂವು ಉಳಿಯಬೇಕಿತ್ತು

ಕಂಪ್ಲಿಯಲ್ಲಿ ನಮ್ಮ ಚಿಕ್ಕಪ್ಪನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್, ಆದರೆ ಪಹಣಿ ತೆಗೆದುಕೊಡುವುದು, ಲಗ್ನಪತ್ರಿಕೆ ಡಿಟಿಪಿ ಮಾಡುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬುವುದು, ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ನೋಡಿ ಹೇಳುವುದು ಎಲ್ಲವೂ ಅಲ್ಲೇ. ಅಂಗಡಿಯ ಬೋರ್ಡಿಗೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು, ಇಪ್ಪತ್ತು ವರ್ಷ. ತಗಡಿನ ಮೇಲೆ ಪೇಂಟರ್ ಕೈಯಲ್ಲಿ ಬರೆಸಿದ್ದು. ಅದರ ಎಡಗಡೆ ಮೂಲೆಯಲ್ಲಿ ಒಂದು ಕಂಪ್ಯೂಟರ್ ಚಿತ್ರವಿದೆ. ಈಗಿನ ತೆಳ್ಳನೆಯ ಮಾನಿಟರ್ ಅಲ್ಲ, ಹಿಂದೆ ದೊಡ್ಡ ಡುಬ್ಬ ಇರುವ ಹಳೇ ಕಾಲದ್ದು.

ಈ ಸಲ ಮಳೆಗಾಲ ಮುಗಿಯುವಷ್ಟರಲ್ಲಿ ಆ ತಗಡು ತುಕ್ಕು ಹಿಡಿದು ಅಂಚು ಉದುರತೊಡಗಿತು. ‘ನೀನು ಇಂಜಿನಿಯರಿಂಗ್ ಓದ್ತೀಯಲ್ಲ, ಹೊಸ ಬೋರ್ಡಿಗೆ ಒಂದು ಡಿಸೈನ್ ಮಾಡಿಕೊಡು’ ಎಂದು ಚಿಕ್ಕಪ್ಪ ಹೇಳಿದರು. ನಾನು ಹೊಸಪೇಟೆಯಲ್ಲಿ ಬಿ.ಇ. ಮೂರನೇ ವರ್ಷದಲ್ಲಿದ್ದೇನೆ, ಕಂಪ್ಯೂಟರ್ ಸೈನ್ಸ್. ಒಂದು ರಾತ್ರಿ ಕೂತು ಲ್ಯಾಪ್‌ಟಾಪ್, ಮೋಡ, ವೈಫೈ ಗುರುತು ಎಲ್ಲ ಹಾಕಿ ನೀಲಿ ಬಣ್ಣದ ಬೋರ್ಡ್ ತಯಾರು ಮಾಡಿ ವಾಟ್ಸ್‌ಆ್ಯಪಿನಲ್ಲಿ ಕಳಿಸಿದೆ. ಚಿಕ್ಕಪ್ಪನಿಂದ ಬಂದ ಉತ್ತರ ಒಂದೇ ಸಾಲು: ‘ಚೆನ್ನಾಗೈತೆ. ಆದ್ರೆ ನಮ್ಮ ಡುಬ್ಬದ ಟೀವಿ ಎಲ್ಲಿ ಹೋಯ್ತು?’

ಆವತ್ತಿನಿಂದ ಹಳೆಯ ಗುರುತನ್ನು ಉಳಿಸಬೇಕೋ ಬದಲಿಸಬೇಕೋ ಎಂಬ ಪ್ರಶ್ನೆ ನನ್ನ ಬೆನ್ನುಬಿದ್ದಿದೆ. ಆಯುಧ ಪೂಜೆಗೆ ಅಂಗಡಿಗೆ ಹೋದಾಗ ಅದು ಇನ್ನಷ್ಟು ಗಟ್ಟಿಯಾಯಿತು. ಜೆರಾಕ್ಸ್ ಮಷಿನ್, ಪ್ರಿಂಟರ್, ಇನ್ವರ್ಟರ್‌ಗಳಿಗೆ ವಿಭೂತಿ, ಕುಂಕುಮ ಹಚ್ಚಿ ಸೇವಂತಿಗೆ ಹೂವು ಇಟ್ಟ ಚಿಕ್ಕಪ್ಪ, ಮೂಲೆಯಲ್ಲಿ ಸ್ಟೂಲಿನಂತೆ ಬಳಸುವ ಹಳೆಯ ಸಿಪಿಯು ಡಬ್ಬಕ್ಕೂ ಪೂಜೆ ಮಾಡಿದರು. ಅಂಗಡಿಯ ಮೊದಲನೇ ಕಂಪ್ಯೂಟರ್ ಅದು. ಸೆಕೆಂಡ್ ಹ್ಯಾಂಡಿನಲ್ಲಿ ಬಳ್ಳಾರಿಯಿಂದ ತಂದದ್ದು. ಅದರ ಮುಂದೆ ಅಂಗೈ ಅಗಲದ ಒಂದು ಸ್ಟಿಕ್ಕರ್: ಬಣ್ಣಬಣ್ಣದ ಎಸಳಿನ ಹೂವು, ಜತೆಗೆ ‘ವಿಪ್ರೊ’ ಎಂಬ ಹೆಸರು. ಕುಂಕುಮದ ಬೊಟ್ಟು ಬಿದ್ದದ್ದು ಸರಿಯಾಗಿ ಆ ಹೂವಿನ ನಡುವೆ.

ಪಿಯುಸಿ ಓದುವ ಚಿಕ್ಕಪ್ಪನ ಮಗ ನಕ್ಕ. ‘ಅಪ್ಪಾ, ಆ ಕಂಪನಿಯವರೇ ಆ ಹೂವನ್ನ ಬಿಟ್ಟು ಎಷ್ಟೋ ವರ್ಷ ಆಯ್ತು. ನೀನು ಇನ್ನೂ ಪೂಜೆ ಮಾಡ್ತಿದೀಯ!’ ಚಿಕ್ಕಪ್ಪ ನಿಜಕ್ಕೂ ಬೆರಗಾದರು. ‘ಯಾಕ ಬಿಟ್ಟರು?’ ಎಂದು ನನ್ನ ಕಡೆ ತಿರುಗಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಓದಿ ತಿಳಿದುಕೊಂಡೆ. ತಿಳಿದ ಮೇಲೆ ನನಗೊಂದು ಅಭಿಪ್ರಾಯವೂ ಹುಟ್ಟಿತು: ಅವರು ಬಿಡಬಾರದಿತ್ತು.

ಆ ಹೂವಿನ ಹಿಂದಿನ ಕಥೆ ನಮ್ಮಂಥ ಊರಿನ ಹುಡುಗ ಹುಡುಗಿಯರು ತಿಳಿಯಬೇಕಾದದ್ದು. ವಿಪ್ರೊ ಹುಟ್ಟಿದ್ದು ಬೆಂಗಳೂರಿನಲ್ಲಿ ಅಲ್ಲ, ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರ್ ಎಂಬ ತಾಲ್ಲೂಕು ಊರಿನಲ್ಲಿ, 1945ರ ಡಿಸೆಂಬರ್‌ನಲ್ಲಿ. ಆಗ ಅದರ ಹೆಸರು ವೆಸ್ಟರ್ನ್ ಇಂಡಿಯಾ ವೆಜಿಟಬಲ್ ಪ್ರಾಡಕ್ಟ್ಸ್. ಸ್ಥಾಪಿಸಿದವರು ಎಂ.ಎಚ್. ಹಾಶಂ ಪ್ರೇಮ್‌ಜಿ. ತಯಾರಿಸುತ್ತಿದ್ದದ್ದು ಅಡುಗೆಯ ವನಸ್ಪತಿ ಮತ್ತು ಬಟ್ಟೆ ಒಗೆಯುವ ಸಾಬೂನು. ಆ ವನಸ್ಪತಿಯ ಬ್ರ್ಯಾಂಡ್ ಹೆಸರೇ ಸನ್‌ಫ್ಲವರ್, ಅಂದರೆ ನಮ್ಮ ಸೂರ್ಯಕಾಂತಿ. 1966ರಲ್ಲಿ ತಂದೆ ತೀರಿಕೊಂಡಾಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಜೀಂ ಪ್ರೇಮ್‌ಜಿ ಓದು ಬಿಟ್ಟು ಬಂದು ಕಂಪನಿ ವಹಿಸಿಕೊಂಡರು. ಆಗ ಅವರಿಗೆ 21 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವರು.

ಎಣ್ಣೆ ಕಂಪನಿ ಕಂಪ್ಯೂಟರಿಗೆ ಬಂದದ್ದು ಹೇಗೆ? 1970ರ ದಶಕದ ಕೊನೆಯಲ್ಲಿ, ವಿದೇಶಿ ಕಂಪನಿಗಳು ಇಲ್ಲಿನ ತಮ್ಮ ಷೇರು ಪಾಲನ್ನು ಇಳಿಸಬೇಕೆಂದು ಸರ್ಕಾರ ಪಟ್ಟು ಹಿಡಿದಾಗ ಐಬಿಎಂ ಭಾರತ ಬಿಟ್ಟು ಹೋಯಿತು. ದೇಶದಲ್ಲಿ ಕಂಪ್ಯೂಟರ್ ಮಾಡುವವರಿಗೆ ಜಾಗ ತೆರೆಯಿತು. 1980ರ ದಶಕದ ಆರಂಭದಲ್ಲಿ ವಿಪ್ರೊ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಕೈಹಾಕಿತು. ಮುಂದೆ ಅದರ ಪಿ.ಸಿ.ಗಳು ಬ್ಯಾಂಕು, ಕಾಲೇಜು, ಕಚೇರಿಗಳಿಗೆಲ್ಲ ಹೋದವು. 1998ರಲ್ಲಿ ಕಂಪನಿ ಬಣ್ಣಬಣ್ಣದ ಎಸಳಿನ ಹೂವನ್ನು ಲಾಂಛನ ಮಾಡಿಕೊಂಡಿತು. ಕೆಲವರು ಅದನ್ನು ಕಾಮನಬಿಲ್ಲಿನ ಹೂವು ಎಂದರು, ಹೆಚ್ಚಿನವರು ಸೂರ್ಯಕಾಂತಿ ಎಂದೇ ಕರೆದರು. ಸಾಬೂನು, ಬಲ್ಬು, ಕಂಪ್ಯೂಟರ್, ಸಾಫ್ಟ್‌ವೇರ್ ಎಲ್ಲಕ್ಕೂ ಒಂದೇ ಹೂವು.

2013ರಲ್ಲಿ ಎರಡು ಸಂಗತಿ ನಡೆದವು. ಸಾಬೂನು, ಬಲ್ಬಿನಂಥ ವ್ಯಾಪಾರವನ್ನು ಬೇರೆ ಕಂಪನಿಯಾಗಿ ಬಿಡಿಸಿದರು. ಸ್ವಂತ ಬ್ರ್ಯಾಂಡಿನ ಪಿ.ಸಿ. ತಯಾರಿಕೆಯನ್ನೂ ನಿಲ್ಲಿಸಿದರು. 2017ರ ಮೇ ತಿಂಗಳಲ್ಲಿ ಹೂವನ್ನೂ ಬಿಟ್ಟರು. ಅದರ ಜಾಗದಲ್ಲಿ, ಹೆಸರಿನ ಸುತ್ತ ಬಣ್ಣದ ಚುಕ್ಕಿಗಳ ವರ್ತುಲ ಬಂತು. ಚುಕ್ಕಿ ಚುಕ್ಕಿ ಜೋಡಿಸಿ ಗಿರಾಕಿಗೆ ಪೂರ್ತಿ ಚಿತ್ರ ಕಟ್ಟಿಕೊಡುತ್ತೇವೆ ಎಂಬುದು ಅದರ ಅರ್ಥ. ಸಾಫ್ಟ್‌ವೇರ್ ಸೇವೆಯ ಕಂಪನಿಗೆ ತಕ್ಕ ಅರ್ಥವೇ. ನನ್ನ ತಕರಾರು ಚುಕ್ಕಿಗಳ ಮೇಲಲ್ಲ, ಹೂವು ಹೋದದ್ದರ ಮೇಲೆ.

ಮೊದಲನೇ ಕಾರಣ, ಓದು ಬರದವರಿಗೆ ಚಿತ್ರವೇ ಅಕ್ಷರ. ಚಿಕ್ಕಪ್ಪನ ಅಂಗಡಿಗೆ ದೇವಸಮುದ್ರ, ರಾಮಸಾಗರದ ಕಡೆಯಿಂದ ಬರುವ ಅಜ್ಜಿಯರು ಬೋರ್ಡಿನ ಹೆಸರು ಓದಿಕೊಂಡು ಬರುವುದಿಲ್ಲ. ‘ಡುಬ್ಬದ ಟೀವಿ ಬರೆದೈತಲ್ಲ, ಆ ಅಂಗಡಿ’ ಎಂದು ಕೇಳಿಕೊಂಡು ಬರುತ್ತಾರೆ. ಬ್ಯಾಂಕುಗಳ ಕಥೆಯೂ ಇದೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಲಾಂಛನದಲ್ಲಿ ಒಂದು ನಾಯಿ ಇತ್ತು. ನಮ್ಮಜ್ಜಿಗೆ ಅದು ‘ನಾಯಿ ಬ್ಯಾಂಕು’. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡ್ ಬದಲಾಯಿತು. ಅಜ್ಜಿ ಒಂದು ದಿನ ಪಾಸ್‌ಬುಕ್ ಹಿಡಿದು ಅದೇ ಕಟ್ಟಡದ ಮುಂದೆ ನಿಂತು, ‘ನಮ್ಮ ಬ್ಯಾಂಕು ಎಲ್ಲಿಗೆ ಹೋಯ್ತಪಾ’ ಎಂದು ದಾರಿಹೋಕರನ್ನು ಕೇಳಿದ್ದರು. ದುಡ್ಡು ಎಲ್ಲಿಗೂ ಹೋಗಿರಲಿಲ್ಲ. ಆದರೂ ಆ ಹತ್ತು ನಿಮಿಷ ಅವರ ಎದೆ ಹೊಡೆದುಕೊಂಡದ್ದು ಸುಳ್ಳಲ್ಲ. ಲಾಂಛನ ಬದಲಿಸುವ ಸಭೆಯಲ್ಲಿ ಇಂಥ ಅಜ್ಜಿಯರ ಪರವಾಗಿ ಮಾತಾಡುವವರು ಯಾರಿರುತ್ತಾರೆ?

ಎರಡನೇ ಕಾರಣ ನಮ್ಮ ನಮ್ಮ ಊರಿಗೆ ಸಂಬಂಧಪಟ್ಟದ್ದು. ನಮ್ಮ ಭಾಗದ ಒಣಭೂಮಿ ಹೊಲಗಳಲ್ಲಿ ಸೂರ್ಯಕಾಂತಿ ಬೆಳೆಯುವವರಿದ್ದಾರೆ. ಆ ಹೂವಿನ ಬೀಜ ಎಣ್ಣೆ ಗಾಣಕ್ಕೆ ಹೋಗುತ್ತದೆ ಎಂಬುದು ಇಲ್ಲಿಯ ಮಕ್ಕಳಿಗೆಲ್ಲ ಗೊತ್ತು. ಅದೇ ಹೂವು ಒಂದು ಕಂಪ್ಯೂಟರಿನ ಮುಂದೆ ಇದ್ದರೆ, ‘ಇದ್ಯಾಕೆ ಇಲ್ಲಿದೆ?’ ಎಂದು ಯಾರಾದರೂ ಕೇಳುತ್ತಾರೆ. ಕೇಳಿದರೆ ಕಥೆ ಸಿಗುತ್ತದೆ: ಒಂದು ಸಣ್ಣ ಊರಿನ ಎಣ್ಣೆ ಕಾರ್ಖಾನೆ ಕಂಪ್ಯೂಟರ್ ಕಂಪನಿಯಾದ ಕಥೆ. ಪ್ಲೇಸ್‌ಮೆಂಟ್ ಬಂತೆಂದರೆ ನಾವು, ಹೊಸಪೇಟೆ–ಕಂಪ್ಲಿ–ಸಂಡೂರಿನವರು, ಊರಿನ ಹೆಸರನ್ನು ಸ್ವಲ್ಪ ಮೆಲ್ಲಗೆ ಹೇಳುತ್ತೇವೆ. ಇಂಗ್ಲಿಷ್ ಉಚ್ಚಾರಣೆ ತಿದ್ದಿಕೊಳ್ಳುತ್ತೇವೆ. ರೆಸ್ಯೂಮೆಯಲ್ಲಿ ಅಪ್ಪನ ಕಿರಾಣಿ ಅಂಗಡಿಯ ಲೆಕ್ಕ ನೋಡಿಕೊಂಡದ್ದನ್ನು ಬರೆಯಲು ಸಂಕೋಚಪಡುತ್ತೇವೆ. ದೇಶದ ದೊಡ್ಡ ಕಂಪನಿಯೊಂದು ತನ್ನ ವನಸ್ಪತಿಯ ದಿನಗಳನ್ನು ಎದೆಯ ಮೇಲೆ ಹೂವಾಗಿ ಧರಿಸಿಕೊಂಡಿತ್ತು ಎಂಬುದು ನಮ್ಮಂಥವರಿಗೆ ಧೈರ್ಯ ಕೊಡುವ ವಿಷಯ. ಚುಕ್ಕಿಗಳು ಆ ಕಥೆ ಹೇಳುವುದಿಲ್ಲ.

ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಗೆಳೆಯರು ಸುಮ್ಮನೆ ಒಪ್ಪಲಿಲ್ಲ. ಅವರ ಮಾತಿನಲ್ಲೂ ತೂಕವಿತ್ತು.

ಒಬ್ಬನ ವಾದ ತಾಂತ್ರಿಕವಾದದ್ದು. ಲಾಂಛನ ಈಗ ತಗಡಿನ ಬೋರ್ಡಿನಲ್ಲಿ ಇರುವುದಿಲ್ಲ, ಮೊಬೈಲ್ ಪರದೆಯಲ್ಲಿ ಇರುತ್ತದೆ. ಬ್ರೌಸರಿನ ಟ್ಯಾಬಿನಲ್ಲಿ ಅದಕ್ಕೆ ಸಿಗುವುದು 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಜಾಗ. ಅಷ್ಟರಲ್ಲಿ ಹತ್ತಾರು ಎಸಳು, ಹಲವು ಬಣ್ಣ ತುಂಬಿದರೆ ಕಾಣುವುದು ಕಲೆ ಬಿದ್ದಂತೆ. ಮಾತು ನಿಜ. ಆದರೆ ಅದಕ್ಕೆ ಪರಿಹಾರ ಕತ್ತರಿಸುವುದು, ಕಿತ್ತೆಸೆಯುವುದಲ್ಲ. ಆ್ಯಪಲ್ ಕಂಪನಿಯನ್ನೇ ನೋಡಿ. 1976ರಲ್ಲಿ ಅದರ ಮೊದಲ ಲಾಂಛನ ಮರದ ಕೆಳಗೆ ಕೂತ ನ್ಯೂಟನ್ನನ ಚಿತ್ರ, ಪುಸ್ತಕದ ಮುಖಪುಟದಂತೆ ಗಿಜಿಗಿಜಿ. ಮರುವರ್ಷವೇ ರಾಬ್ ಜಾನಾಫ್ ಎಂಬ ವಿನ್ಯಾಸಕಾರ ಒಂದು ಕಡೆ ಕಚ್ಚಿದ ಸೇಬನ್ನು ಕಾಮನಬಿಲ್ಲಿನ ಪಟ್ಟೆಗಳಲ್ಲಿ ಬರೆದುಕೊಟ್ಟರು. ಸಣ್ಣದು ಮಾಡಿದಾಗ ಚೆರಿ ಹಣ್ಣಿನಂತೆ ಕಾಣಬಾರದೆಂದೇ ಆ ಕಚ್ಚು. 1998ರಲ್ಲಿ, ವಿಪ್ರೊ ಹೂವನ್ನು ತಂದ ವರ್ಷವೇ, ಆ್ಯಪಲ್ ಪಟ್ಟೆಗಳನ್ನು ಬಿಟ್ಟು ಒಂದೇ ಬಣ್ಣದ ಸೇಬಿಗೆ ಬಂತು. ಬಣ್ಣ ಹೋಯಿತು, ಸೇಬು ಉಳಿಯಿತು, ಕಚ್ಚೂ ಉಳಿಯಿತು. ಐಬಿಎಂನ ಎಂಟು ಪಟ್ಟೆಯ ಅಕ್ಷರಗಳನ್ನು ಪಾಲ್ ರ್‍ಯಾಂಡ್ 1972ರಲ್ಲಿ ರೂಪಿಸಿದ್ದು. ಆ ಕಂಪನಿಯ ಕೆಲಸ ಅಂದಿನಿಂದ ಇಂದಿಗೆ ಪೂರ್ತಿ ಬದಲಾಗಿದೆ, ಪಿ.ಸಿ. ವ್ಯಾಪಾರವನ್ನೇ ಮಾರಿದ್ದಾರೆ, ಪಟ್ಟೆಗಳು ಮಾತ್ರ ಹಾಗೇ ಇವೆ. ವಿಪ್ರೊ ಹೂವನ್ನೂ ಐದು ಎಸಳಿಗೆ, ಎರಡು ಬಣ್ಣಕ್ಕೆ ಇಳಿಸಬಹುದಿತ್ತು.

ಇನ್ನೊಬ್ಬಳ ವಾದಕ್ಕೆ ಉತ್ತರ ಹುಡುಕಲು ನಾನು ಹಂಪಿಗೇ ಹೋಗಬೇಕಾಯಿತು. ಅವಳು ಇತಿಹಾಸ ಇಷ್ಟಪಡುವವಳು. ‘ವಿಜಯನಗರದ ಚಿನ್ನದ ನಾಣ್ಯ ನೋಡು’ ಎಂದಳು. ಮೊದಲ ಅರಸರ ನಾಣ್ಯದಲ್ಲಿ ಹನುಮಂತ, ಗರುಡ. ದೇವರಾಯನ ಕಾಲದಲ್ಲಿ ಉಮಾಮಹೇಶ್ವರ. ಕೃಷ್ಣದೇವರಾಯನದ್ದರಲ್ಲಿ ಬಾಲಕೃಷ್ಣ. ಅಚ್ಯುತರಾಯನದ್ದರಲ್ಲಿ ಗಂಡಭೇರುಂಡ. ಅರಸ ಬದಲಾದಾಗೆಲ್ಲ ಚಿತ್ರ ಬದಲಾಯಿತು, ಜನ ನಂಬಿಕೆ ಕಳೆದುಕೊಳ್ಳಲಿಲ್ಲ. ಯಾಕೆಂದರೆ ತೂಕ ಬದಲಾಗಲಿಲ್ಲ, ವರಾಹ ನಾಣ್ಯ ಹತ್ತಿರ ಹತ್ತಿರ 3.4 ಗ್ರಾಂ ಚಿನ್ನ. ಸರಕು ಸರಿಯಿದ್ದರೆ ಚಿತ್ರ ಯಾವುದಾದರೇನು ಎಂಬುದು ಅವಳ ಪ್ರಶ್ನೆ.

ಒಂದು ಭಾನುವಾರ ಅಚ್ಯುತರಾಯ ದೇವಸ್ಥಾನದ ಮುಂದಿನ ಹಳೇ ಬಜಾರಿನ ಉದ್ದಕ್ಕೂ ನಡೆದು, ಅದರ ಕೊನೆಯಲ್ಲಿರುವ ವರಾಹ ಗುಡಿಗೆ ಹೋದೆ. ಅಲ್ಲಿಯ ಬಾಗಿಲ ಗೋಡೆಯಲ್ಲಿ ವಿಜಯನಗರದ ರಾಜಲಾಂಛನ ಕೆತ್ತಿದ್ದಾರೆ: ಒಂದು ವರಾಹ, ಅದರ ಮುಂದೆ ಕಠಾರಿ, ಮೇಲೆ ಸೂರ್ಯ ಮತ್ತು ಚಂದ್ರ. ಅದನ್ನು ನೋಡುತ್ತಾ ನಿಂತಾಗ ಅವಳಿಗೆ ಉತ್ತರ ಸಿಕ್ಕಿತು. ನಾಣ್ಯದ ಮೇಲಿನ ದೇವರು ಬದಲಾಗಬಹುದು, ಆದರೆ ನಾಣ್ಯದ ಹೆಸರು ವರಾಹ ಎಂದೇ ಉಳಿಯಿತು, ರಾಜ್ಯದ ಗುರುತೂ ವರಾಹವೇ. ಆ ವರಾಹವೂ ಅವರ ಸ್ವಂತದ್ದಲ್ಲ, ಶತಮಾನಗಳ ಹಿಂದೆ ಬಾದಾಮಿ ಚಾಲುಕ್ಯರ ಲಾಂಛನವಾಗಿತ್ತು. ಹೊಸದಾಗಿ ರಾಜ್ಯ ಕಟ್ಟಿದವರು ಹಳೆಯ ಗುರುತನ್ನು ಹುಡುಕಿ ತಂದು ಇಟ್ಟುಕೊಂಡರು, ಜನಕ್ಕೆ ಅದು ಗೊತ್ತಿತ್ತೆಂದು. ಅಂದರೆ ಬದಲಾಗುವುದಕ್ಕೆ ಒಂದು ಜಾಗ, ಉಳಿಯುವುದಕ್ಕೆ ಒಂದು ಜಾಗ ಎರಡನ್ನೂ ಅವರು ಇಟ್ಟುಕೊಂಡಿದ್ದರು.

ನಮ್ಮ ಡಿಬಿಎಂಎಸ್ ಪಾಠದಲ್ಲೂ ಇದೇ ಇದೆ. ಟೇಬಲ್ಲಿನಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಏನು ಬೇಕಾದರೂ ತಿದ್ದಬಹುದು, ಪ್ರೈಮರಿ ಕೀ ಮಾತ್ರ ಮುಟ್ಟಬಾರದು. ಮುಟ್ಟಿದರೆ ಅದನ್ನು ನಂಬಿಕೊಂಡ ಬೇರೆ ಟೇಬಲ್ಲುಗಳೆಲ್ಲ ಅನಾಥ. 2014ರ ನವೆಂಬರ್ 1ರಂದು ನಮ್ಮ ಊರು ಇಂಗ್ಲಿಷಿನಲ್ಲೂ ‘ಹಾಸ್ಪೆಟ್’ ಹೋಗಿ ‘ಹೊಸಪೇಟೆ’ ಆಯಿತು. ನಾವೆಲ್ಲ ಖುಷಿಪಟ್ಟೆವು, ಪಡಬೇಕಾದದ್ದೇ. ಆದರೆ ರೈಲು ಟಿಕೆಟಿನಲ್ಲಿ ನಿಲ್ದಾಣದ ಕೋಡ್ ಇವತ್ತಿಗೂ ಎಚ್‌ಪಿಟಿ. ಬೆಂಗಳೂರು ಸಿಟಿ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದರೂ ಕೋಡ್ ಎಸ್‌ಬಿಸಿ. ಹೆಸರನ್ನು ತಿದ್ದಿದವರೂ ಕೋಡನ್ನು ಮುಟ್ಟಲಿಲ್ಲ. ವಿಪ್ರೊ ಹೆಸರು ಉಳಿಸಿಕೊಂಡು ಹೂವು ಬಿಟ್ಟಿತು. ಇಂಗ್ಲಿಷ್ ಓದಬಲ್ಲವರಿಗೆ ಹೆಸರೇ ಪ್ರೈಮರಿ ಕೀ, ಸಾಕು. ಓದಲಾರದವರಿಗೆ ಹೂವೇ ಪ್ರೈಮರಿ ಕೀ ಆಗಿತ್ತು.

ಹಾಗೆಂದು ಹಳೆಯದೆಲ್ಲ ಉಳಿಯಲೇಬೇಕು ಎನ್ನುವವನು ನಾನಲ್ಲ. ಹಳೆಯ ಗುರುತು ಮೋಸಕ್ಕೂ ಬಳಕೆಯಾಗುತ್ತದೆ. ಕಾಮಡೋರ್ ಎಂಬ ಕಂಪನಿಯಿತ್ತು. 1982ರಲ್ಲಿ ಅದು ತಂದ ಕಾಮಡೋರ್ 64 ಎಂಬ ಮನೆ ಕಂಪ್ಯೂಟರ್ ಜಗತ್ತಿನಲ್ಲೇ ಹೆಚ್ಚು ಮಾರಾಟವಾದವುಗಳಲ್ಲಿ ಒಂದು. 1994ರಲ್ಲಿ ಕಂಪನಿ ದಿವಾಳಿಯಾಯಿತು. ಮರುವರ್ಷ ಅದರ ಹೆಸರು, ಲಾಂಛನ ಜರ್ಮನಿಯ ಎಸ್ಕಾಂ ಕಂಪನಿಯ ಪಾಲಾದವು. 1997ರಲ್ಲಿ ನೆದರ್ಲೆಂಡ್ಸ್‌ನ ಟ್ಯುಲಿಪ್ ಕಂಪನಿಗೆ ಹೋದವು. ಆಮೇಲೂ ಕೈಯಿಂದ ಕೈಗೆ ದಾಟಿದವು. ಮೂಲ ಇಂಜಿನಿಯರುಗಳು ಯಾವತ್ತೋ ಚದುರಿಹೋಗಿದ್ದರೂ ಹಳೆಯ ಲಾಂಛನ ಬೇರೆ ಯಾರದೋ ಡಬ್ಬಗಳ ಮೇಲೆ ಕಾಣಿಸಿತು. ಹಳೆಯ ಅಭಿಮಾನಿ ಅದನ್ನು ನೋಡಿ ಕೊಂಡರೆ ಕೊಂಡದ್ದು ತನ್ನ ಬಾಲ್ಯದ ನೆನಪನ್ನು ಮಾತ್ರ.

ಈ ವಿಷಯದಲ್ಲಿ ನನಗೆ ಸ್ಪಷ್ಟತೆ ಕೊಟ್ಟವಳು ಸಂಡೂರಿನ ಸಹಪಾಠಿ. ಅವಳ ಅಜ್ಜಿ ಲಂಬಾಣಿ ಕಸೂತಿ ಹಾಕುತ್ತಾರೆ. ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ, ಅಂದರೆ ಭೌಗೋಳಿಕ ಗುರುತು ಇದೆ. ಕನ್ನಡಿ ಚೂರು, ಕವಡೆ, ಬಣ್ಣದ ದಾರ ಯಾರ ಹತ್ತಿರವಾದರೂ ಇರಬಹುದು. ಮಷಿನ್ನಿನಲ್ಲಿ ಅದೇ ವಿನ್ಯಾಸ ಹೊಡೆಯಬಹುದು. ಆದರೆ ಆ ಹೆಸರು ಹಾಕಿಕೊಳ್ಳಲು ಬರುವುದಿಲ್ಲ, ಅದು ಇಲ್ಲಿಯ ತಾಂಡಾಗಳಲ್ಲಿ ಸೂಜಿ ಹಿಡಿದ ಕೈಗಳಿಗೆ ಸೇರಿದ್ದು. ‘ಗುರುತು ಹಳೇದೋ ಹೊಸದೋ ಅಂತ ನೋಡಬೇಡ. ಅದರ ಹಿಂದೆ ಅದೇ ಕೈ ಇದೆಯೋ ಇಲ್ಲವೋ ನೋಡು’ ಎಂದಳು ಅವಳು. ನನ್ನ ಇಡೀ ವಾದದ ಅಳತೆಗೋಲು ಇದೇ. ಅದೇ ಕೈ ಇದ್ದರೆ ಹಳೆಯ ಲಾಂಛನ ಉಳಿಯಬೇಕು. ಕೈ ಬದಲಾದರೆ ಲಾಂಛನ ಗೌರವದಿಂದ ಮ್ಯೂಸಿಯಂ ಸೇರಬೇಕು. ವಿಪ್ರೊ ಯಾರಿಗೂ ಮಾರಾಟವಾಗಲಿಲ್ಲ, ದಿವಾಳಿಯಾಗಲಿಲ್ಲ. ಅಮಳನೇರಿನಲ್ಲಿ ಶುರು ಮಾಡಿದ ಮನೆಯವರೇ 2017ರಲ್ಲೂ ಅದನ್ನು ಮುನ್ನಡೆಸುತ್ತಿದ್ದರು. ಕಂಪ್ಯೂಟರ್ ಡಬ್ಬ ಮಾಡುವುದು ನಿಂತಿತು ನಿಜ. ವನಸ್ಪತಿಯಿಂದ ಕಂಪ್ಯೂಟರಿಗೆ ಬಂದಾಗಲೂ ಕೆಲಸ ಬದಲಾಗಿತ್ತಲ್ಲ, ಆಗ ಹೂವು ಅಡ್ಡಿಯಾಗಲಿಲ್ಲ.

ಮೂರನೇ ಕಾರಣವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಯಾಕೆಂದರೆ ಈ ಪುಟ ಓದುವ, ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಅದು ನೇರವಾಗಿ ತಾಗುತ್ತದೆ.

ಕಳೆದ ವರ್ಷ ನಮ್ಮ ಓಣಿಯ ಅಣ್ಣನೊಬ್ಬ, ಬಿ.ಇ. ಮುಗಿಸಿ ಒಂದೂವರೆ ವರ್ಷವಾಗಿತ್ತು, ಮೇಲ್‌ನಲ್ಲಿ ಬಂದ ಆಫರ್ ಲೆಟರಿನ ಕಲರ್ ಪ್ರಿಂಟ್ ತೆಗೆಸಲು ಚಿಕ್ಕಪ್ಪನ ಅಂಗಡಿಗೆ ಬಂದ. ರಜೆಯಲ್ಲಿ ನಾನೇ ಕೌಂಟರಿನಲ್ಲಿ ಕೂತಿದ್ದೆ. ದೊಡ್ಡ ಕಂಪನಿಯ ಹೆಸರು, ಮೇಲ್ಗಡೆ ಅದರ ಲಾಂಛನ. ಕಂಪನಿ ಯಾವುದೆಂದು ಹೇಳುವುದಿಲ್ಲ, ಅದರದ್ದೇನೂ ತಪ್ಪಿಲ್ಲ. ಪ್ರಿಂಟ್ ಹೊರಬರುವಾಗ ಏನೋ ಸರಿಯಿಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು: ಆ ಲಾಂಛನ ಹಳೆಯದು, ಕಂಪನಿ ಅದನ್ನು ಬಿಟ್ಟು ವರ್ಷಗಳಾಗಿವೆ. ಕಳಿಸಿದವರ ಮೇಲ್ ವಿಳಾಸ ನೋಡಿದರೆ ಕಂಪನಿಯದ್ದೇ ಅಲ್ಲ. ಅಷ್ಟರಲ್ಲಾಗಲೇ ‘ಸೆಕ್ಯುರಿಟಿ ಡೆಪಾಸಿಟ್’ ಎಂದು 12,500 ರೂಪಾಯಿ ಕಟ್ಟಿಯಾಗಿತ್ತು. ಅವನ ಅಪ್ಪ ಎರಡು ಕುರಿ ಮಾರಿ ಕೊಟ್ಟ ದುಡ್ಡು. ಮರುದಿನ ಅಪ್ಪ ಅಂಗಡಿಗೆ ಬಂದು ಹೇಳಿದ ಮಾತು ನನಗೆ ಮರೆಯುವುದಿಲ್ಲ: ‘ಇಂಗ್ಲಿಷ್ ನನಗೇನು ಗೊತ್ತಪ್ಪ. ಆ ಗುರುತು ನೋಡಿದ್ದೆ. ಅದಕ್ಕೇ ನಂಬಿದೆ.’

ಹೊಸ ಲಾಂಛನ ಹಾಕಿಯೂ ಮೋಸ ಮಾಡಬಹುದು, ಒಪ್ಪುತ್ತೇನೆ. ಕಂಪನಿ ಹಳೆಯದನ್ನು ಉಳಿಸಿಕೊಂಡಿದ್ದರೆ ಆ ಮೋಸ ನಡೆಯುತ್ತಿರಲಿಲ್ಲ ಎಂದೂ ಹೇಳಲಾರೆ. ಆದರೆ ಒಂದು ಲಾಂಛನ ಹತ್ತಿಪ್ಪತ್ತು ವರ್ಷ ಜನರ ಮನಸ್ಸಿನಲ್ಲಿ ಗಳಿಸಿದ ನಂಬಿಕೆ, ಕಂಪನಿ ಅದನ್ನು ಬಿಟ್ಟ ದಿನ ಆವಿಯಾಗುವುದಿಲ್ಲ ಎಂಬುದು ಆವತ್ತು ಗೊತ್ತಾಯಿತು. ಅದು ಹಳ್ಳಿಯ ಅಪ್ಪ ಅಮ್ಮಂದಿರ ಮನಸ್ಸಿನಲ್ಲಿ ಹಾಗೇ ಉಳಿದಿರುತ್ತದೆ, ಕಾಯುವವರಿಲ್ಲದ ಹೊಲದಂತೆ. ಯಾರು ಬೇಕಾದರೂ ಒಳಗೆ ನುಗ್ಗಬಹುದು. ಹಾಗಾಗಿ ಲಾಂಛನ ಬದಲಿಸುವ ಕಂಪನಿ ಬೆಂಗಳೂರಿನಲ್ಲಿ ಪತ್ರಿಕಾಗೋಷ್ಠಿ ಮಾಡಿದರೆ ಸಾಲದು. ‘ಆ ಗುರುತು ಈಗ ನಮ್ಮದಲ್ಲ, ಇದು ನಮ್ಮದು’ ಎಂದು ಕನ್ನಡದಲ್ಲಿ, ಊರೂರಿನ ಭಾಷೆಯಲ್ಲಿ, ಹಳೆಯದು ಮತ್ತು ಹೊಸದು ಅಕ್ಕಪಕ್ಕ ಇಟ್ಟು ಕೆಲವು ವರ್ಷವಾದರೂ ಹೇಳುತ್ತಿರಬೇಕು. ಅಷ್ಟು ಮಾಡಲಾಗದಿದ್ದರೆ ಹಳೆಯದನ್ನೇ ಇಟ್ಟುಕೊಳ್ಳುವುದು ಮೇಲು. 2010ರಲ್ಲಿ ಅಮೆರಿಕದ ಗ್ಯಾಪ್ ಎಂಬ ಬಟ್ಟೆ ಕಂಪನಿ ಹೊಸ ಲಾಂಛನ ತಂದು, ಗಿರಾಕಿಗಳು ಸಿಟ್ಟಾದಾಗ ಒಂದೇ ವಾರದಲ್ಲಿ ಹಳೆಯದಕ್ಕೆ ಮರಳಿತು. ತಿದ್ದಿಕೊಳ್ಳುವುದು ಅವಮಾನವೇನಲ್ಲ.

ನಮ್ಮ ಕಡೆಯಿಂದ ಮಾಡಬೇಕಾದದ್ದೂ ಇದೆ. ಆಫರ್ ಲೆಟರ್ ಬಂದರೆ ಮನೆಯವರಿಗೆ ಲಾಂಛನ ತೋರಿಸಿ ಖುಷಿಪಡುವ ಮೊದಲು ಕಳಿಸಿದವರ ಮೇಲ್ ವಿಳಾಸ ಅಕ್ಷರ ಅಕ್ಷರವಾಗಿ ಓದಿ. ಕಂಪನಿಯ ಅಧಿಕೃತ ವೆಬ್‌ಸೈಟಿನ ಉದ್ಯೋಗ ಪುಟದಲ್ಲಿ ತಾಳೆ ನೋಡಿ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಲ್ಲಿ ಕೇಳಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆಯೇ ಹೊರತು ಡೆಪಾಸಿಟ್ ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಗೆ ಅದೇ ಸಹಾಯವಾಣಿ. ನಮ್ಮ ಓಣಿಯ ಅಣ್ಣ ನಾಚಿಕೆಯಲ್ಲಿ ನಾಲ್ಕು ದಿನ ಕಳೆದ. ಅಷ್ಟರಲ್ಲಿ ದುಡ್ಡು ಖಾತೆಯಿಂದ ಖಾತೆಗೆ ದಾಟಿಹೋಗಿತ್ತು. ಈಗ ಅವನು ತೋರಣಗಲ್ಲಿನ ಕಡೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಆ ಕಲರ್ ಪ್ರಿಂಟಿನ ಇಪ್ಪತ್ತು ರೂಪಾಯಿಯನ್ನು ಚಿಕ್ಕಪ್ಪ ಅವನಿಂದ ತೆಗೆದುಕೊಳ್ಳಲಿಲ್ಲ.

ಚಿಕ್ಕಪ್ಪನ ಬೋರ್ಡಿನ ಡಿಸೈನನ್ನು ನಾನು ಮತ್ತೆ ಮಾಡಿದೆ. ಮೋಡ, ವೈಫೈ, ಲ್ಯಾಪ್‌ಟಾಪ್ ಎಲ್ಲ ತೆಗೆದೆ. ಡುಬ್ಬದ ಮಾನಿಟರನ್ನೇ ಇಟ್ಟುಕೊಂಡೆ. ಆದರೆ ಹಳೆಯ ಪೇಂಟರ್ ಬರೆದ ನೆರಳು, ಹೊಳಪು, ಕೀಬೋರ್ಡಿನ ಪ್ರತಿ ಗುಂಡಿ ಬಿಟ್ಟು ನಾಲ್ಕೇ ಗೆರೆಯಲ್ಲಿ, ಎರಡು ಬಣ್ಣದಲ್ಲಿ ಬರೆದೆ. ಮೊಬೈಲಿನಲ್ಲಿ ಉಗುರಿನಷ್ಟು ಸಣ್ಣದು ಮಾಡಿ ನೋಡಿದೆ, ಡುಬ್ಬ ಕಾಣಿಸಿತು. ದೇವಸಮುದ್ರದಿಂದ ಬಂದಿದ್ದ ಒಬ್ಬ ಅಜ್ಜಿಗೆ ತೋರಿಸಿ ‘ಇದು ಏನಜ್ಜಿ?’ ಎಂದು ಕೇಳಿದೆ. ‘ಇದೇ ಅಂಗಡಿ ಅಲ್ಲೇನಪ್ಪ’ ಎಂದರು. ಚಿಕ್ಕಪ್ಪನ ಮಗ ಇನ್ನೂ ಲ್ಯಾಪ್‌ಟಾಪೇ ಚೆನ್ನಾಗಿತ್ತು ಎನ್ನುತ್ತಾನೆ.

ಹೊಸ ಬೋರ್ಡ್ ದೀಪಾವಳಿಗೆ ಏರುತ್ತದೆ. ಹಳೆಯ ತಗಡನ್ನು ಗುಜರಿಗೆ ಹಾಕಬೇಡಿ ಎಂದು ನಾನು ಕೇಳಿಕೊಂಡಿದ್ದೆ. ಚಿಕ್ಕಪ್ಪ ಅದನ್ನು ಅಂಗಡಿಯ ಒಳಗೋಡೆಗೆ ಒರಗಿಸಿದ್ದಾರೆ, ಹೂವಿನ ಸ್ಟಿಕ್ಕರಿರುವ ಆ ಹಳೆಯ ಸಿಪಿಯು ಡಬ್ಬದ ಪಕ್ಕದಲ್ಲೇ. ಹೂವಿನ ಮೇಲಿನ ಕುಂಕುಮ ಇನ್ನೂ ಅಳಿಸಿಲ್ಲ.